ಹೊರಗಿನಿಂದ ಕರೆದವನು

ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡದ ಗಂಡಸು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಗುಂಡಿ ಮಾಸ್ತರನ ಹೊಟ್ಟೆಕಿಚ್ಚು ಅಂಥಿಂಥದ್ದಲ್ಲ. ಅದನ್ನು ಕೊಳವೆಯಲ್ಲಿ ಹಾಯಿಸಿದ್ದರೆ ಇಡೀ ಊರಿನ ಸ್ನಾನದ ನೀರು ವರ್ಷವಿಡೀ ಬಿಸಿಯಾಗಿರುತ್ತಿತ್ತು.

ಹೆಂಡತಿಯ ತಂಗಿಯ ಗಂಡನಾದ ಆ ಮನುಷ್ಯ ಮಾಸ್ತರನಿಗಿಂತ ಒಂದು ಗೇಣು ಎತ್ತರವಿದ್ದ. ಇರಲಿ. ಅವನ ತಲೆಯ ಮೇಲೆ ಮೂರು ಜನಕ್ಕೆ ಹಂಚಿದರೂ ಮಿಗುವಷ್ಟು ಕೂದಲಿತ್ತು. ಅದೂ ಇರಲಿ. ಅತ್ತೆಯ ಮನೆಯ ಗೋಡೆಯಲ್ಲಿ ನೇತುಹಾಕಿದ ಚಿತ್ರದಲ್ಲಿ ಅವನು ನಡುಮಧ್ಯ ನಿಂತಿದ್ದ. ಮಾಸ್ತರನ ಒಂದು ಕಿವಿ ಮತ್ತು ಅರ್ಧ ಕನ್ನಡಕ ಮಾತ್ರ ಚೌಕಟ್ಟಿನೊಳಗೆ ಬಂದಿತ್ತು. ಅದನ್ನೂ ಮಾಸ್ತರ ಹೇಗೋ ನುಂಗಿಕೊಂಡಿದ್ದ. ಗಂಟಲಲ್ಲಿ ಇಳಿಯದೆ ಉಳಿದದ್ದು ಒಂದೇ ಒಂದು. ಷಡ್ಡಕ ಅವನ ಮ್ಯಾಕ್ರೋಗಳನ್ನು ಹೊರಗಿನಿಂದ ಹೆಸರು ಹಿಡಿದು ಕರೆದಿದ್ದ, ಅವು ಓಗೊಟ್ಟಿದ್ದವು.

ಮಾಸ್ತರ ಕೆಲಸ ಮಾಡುತ್ತಿದ್ದದ್ದು ಒಂದು ವಕೀಲರ ಕಚೇರಿಯಲ್ಲಿ. ಮೂರನೇ ಮಹಡಿ, ಒಂಬತ್ತು ಮೇಜು, ಕೆಮ್ಮುವ ಎರಡು ಪ್ರಿಂಟರು, ಮೂಲೆಯಲ್ಲಿ ಖಾಲಿ ಬಿದ್ದಿರುವ ಒಂದು ಗಾಜಿನ ಕೋಣೆ. ಮನೆ, ಮಳಿಗೆ, ನಿವೇಶನಗಳ ಕ್ರಯಪತ್ರ ಬರೆಯುವುದೇ ಅಲ್ಲಿನ ಉಸಿರು. ಹದಿನೆಂಟು ವರ್ಷದ ಹಿಂದೆ ಅವನು ಸೇರಿದಾಗ ಪ್ರತಿಯೊಂದು ಪತ್ರವನ್ನೂ ಕೈಯಿಂದಲೇ ಬೆರಳಚ್ಚು ಮಾಡುತ್ತಿದ್ದರು. ಒಂದು ಪತ್ರ ಮುಗಿಯುವಷ್ಟರಲ್ಲಿ ಕೊಂಡವನ ಮಕ್ಕಳಿಗೆ ಮೀಸೆ ಬರುತ್ತಿತ್ತು. ಮಾಸ್ತರ ಬಂದ, ವರ್ಡ್ ಪ್ರೊಸೆಸರಿನ ಹೊಟ್ಟೆಯೊಳಗೆ ಕೈ ಹಾಕಿದ, ಮ್ಯಾಕ್ರೋ ಬರೆದ. ಕೈ ನೂರು ಸಲ ಮಾಡುವ ಕೆಲಸವನ್ನು ಒಂದೇ ಸಲ ಬರೆದಿಟ್ಟು, ಮುಂದೆ ಒಂದು ಗುಂಡಿ ಒತ್ತಿದರೆ ಯಂತ್ರ ತಾನೇ ಮಾಡಿಕೊಳ್ಳುವ ಹಾಗೆ ಪಳಗಿಸುವುದು, ಮ್ಯಾಕ್ರೋ ಎಂದರೆ ಇಷ್ಟೇ. ‘ಹೆಸರುತುಂಬು’ ಎಂದರೆ ಪಟ್ಟಿಯಿಂದ ಹೆಸರೂ ಮನೆಯ ಸಂಖ್ಯೆಯೂ ಬಂದು ಕೂರುತ್ತಿದ್ದವು. ‘ಗಡಿಬರೆ’ ಎಂದರೆ ನಾಲ್ಕು ದಿಕ್ಕಿನ ಗಡಿ ಮೂಡುತ್ತಿತ್ತು. ‘ಪುಟಕಟ್ಟು’ ಎಂದರೆ ಪುಟಗಳು ಸೈನಿಕರಂತೆ ಸಾಲು ಹಿಡಿಯುತ್ತಿದ್ದವು. ಹೀಗೆ ಇನ್ನೂರ ಹದಿನಾಲ್ಕು. ಇನ್ನೂರ ಹದಿಮೂರು ಕೆಲಸಕ್ಕೆ, ಒಂದು ಬರೀ ಶೋಕಿಗೆ. ಎಲ್ಲವೂ ಒಂದೇ ಕಡತದಲ್ಲಿ, ಹೆಸರುಗಳು ಹೊರಗೆ ಕಾಣುತ್ತಿದ್ದವು, ಒಳಗನ್ನು ತೆರೆದು ತಿದ್ದಲು ಒಂದು ಬೀಗ, ಬೀಗದ ಗುಟ್ಟಿನ ಪದ ಮಾಸ್ತರನ ತಲೆಯಲ್ಲಿ ಮಾತ್ರ. ಕನಸಿನಲ್ಲಿ ಬಾಯಿಬಿಟ್ಟೇನೆಂದು ಅವನು ಹದಿನೆಂಟು ವರ್ಷ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದ.

ಅವನು ಗುಂಡಿ ಒತ್ತಲು ಬೆರಳೆತ್ತಿದರೆ ಕಚೇರಿಯಲ್ಲಿ ಫ್ಯಾನು ಕೂಡ ಮೆಲ್ಲಗೆ ತಿರುಗುತ್ತಿತ್ತು. ಗುಂಡಿ ಮಾಸ್ತರ ಎಂಬ ಹೆಸರು ಬಂದದ್ದು ಹಾಗೆ. ಮನೆಯಲ್ಲಿ ಮಾತ್ರ ಆ ಬಿರುದಿಗೆ ಮೂರು ಕಾಸಿನ ಬೆಲೆಯಿರಲಿಲ್ಲ.

“ನನ್ನ ತಂಗಿ ಗಂಡ ಕೆಲಸ ಬಿಟ್ಟು ಮನೇಲಿ ಕೂತಿದಾರೆ. ಲಾಯರಮ್ಮನ ಹತ್ರ ಒಂದು ಮಾತು ಹೇಳೋಕಾಗಲ್ವಾ?” ಎಂದಿದ್ದಳು ಹೆಂಡತಿ. “ಹದಿನೆಂಟು ವರ್ಷದಿಂದ ಅಲ್ಲಿ ಏನು ಮಾಡ್ತಿದೀರಿ, ಬರೀ ಗುಂಡಿ ಒತ್ತೋದಾ?”

“ಅವನಿಗೆ ಪತ್ರದ ಕೆಲಸ ಏನು ಗೊತ್ತು?”

“ಕಲೀತಾರೆ. ಅವರಿಗೆ ತಲೆ ಇದೆ ಅಂತ ಅಮ್ಮ ಹೇಳ್ತಾರೆ.”

ನಿಮಗೆ ಇಲ್ಲ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೀಗಾಗಿ, ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ ಹಾಗೆ, ಷಡ್ಡಕನನ್ನು ಕಚೇರಿಗೆ ಸೇರಿಸಿದವನು ಸ್ವತಃ ಮಾಸ್ತರನೇ.

ಆರು ವಾರ ಷಡ್ಡಕ ಬಾಯಿಬಿಡದೆ ಕೂತ. ಏಳನೇ ವಾರದ ಮೊದಲ ದಿನ ಕಚೇರಿಯ ಒಡತಿ ಲಾಯರಮ್ಮನನ್ನು ತನ್ನ ಮೇಜಿನ ಹತ್ತಿರ ಕರೆದ. ಅವನ ಪರದೆಯ ಮೇಲೆ ಇದ್ದದ್ದು ಕಪ್ಪು ಬಯಲು, ಅದರಲ್ಲಿ ಬೇರೆ ಯಾವುದೋ ಪ್ರೋಗ್ರಾಮಿಂಗ್ ಭಾಷೆಯ ನಾಲ್ಕೆಂಟು ಬಿಳಿ ಸಾಲು. ಒಂದು ಸಲ ತಟ್ಟಿದ. ಅಷ್ಟೇ. ಪ್ರಿಂಟರಿಗೆ ದೆವ್ವ ಹಿಡಿಯಿತು. ಲಾಯರಮ್ಮನ ಕೈಯಲ್ಲಿದ್ದ ಕಾಫಿ ಆರುವಷ್ಟರಲ್ಲಿ ಮೂವತ್ತು ಕ್ರಯಪತ್ರ ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದವು.

“ಎಲ್ಲಿ ನಡೀತಿದೆ ಕೆಲಸ? ಏನೂ ಕಾಣಲಿಲ್ವಲ್ಲ!” ಎಂದರು ಲಾಯರಮ್ಮ.

“ಕಾಣಿಸಲ್ಲ ಮೇಡಂ. ವರ್ಡ್ ಪ್ರೊಸೆಸರನ್ನ ಮರೆಯಲ್ಲೇ ತೆರೀತೀನಿ, ಪರದೆಗೆ ತರೋದೇ ಇಲ್ಲ. ಹೊರಗಿಂದ ಭಾವನವರ ಮ್ಯಾಕ್ರೋ ಹೆಸರು ಹಿಡಿದು ಕರೀತೀನಿ. ‘ಹೆಸರುತುಂಬು, ಹದಿನಾಲ್ಕು’ ಅಂದ್ರೆ ಹದಿನಾಲ್ಕನೇ ಮನೆಯವರದ್ದು ತುಂಬಿ ಕೊಡುತ್ತೆ. ಮಾಡೋರು ಅವರೇ, ಕೂಗೋನು ಮಾತ್ರ ನಾನು.”

ಒಂಬತ್ತು ಮೇಜೂ ಚಪ್ಪಾಳೆ ತಟ್ಟಿದವು. ಪತ್ರಗಳಿಗೆಲ್ಲ ಮೊಹರು ಒತ್ತುವ ಸೀಲಕ್ಕ, ಬೆರಳಿನ ಶಾಯಿಯನ್ನೂ ಲೆಕ್ಕಿಸದೆ, ಷಡ್ಡಕನ ಬೆನ್ನು ತಟ್ಟಿ, “ಅಬ್ಬಾ, ಇಷ್ಟು ದಿನ ಎಲ್ಲಿದ್ಯೋ ಮಹರಾಯ! ನನ್ನ ತೋಳಿಗೆ ಇನ್ನು ಬಿಡುವಿಲ್ಲ” ಎಂದಳು. ಅವನ ಬಿಳಿ ಅಂಗಿಯ ಮೇಲೆ ಐದು ನೀಲಿ ಬೆರಳು ಮೂಡಿದವು. ಅದು ಕೂಡ ಅವನಿಗೆ ಪದಕದ ಹಾಗೆ ಒಪ್ಪಿತು.

ಮಾಸ್ತರನಿಗೆ ಆದದ್ದು ಏನೆಂದರೆ, ಮರಿಯಿಂದ ಸಾಕಿದ ತನ್ನ ಸ್ವಂತ ನಾಯಿ ಪಕ್ಕದ ಮನೆಯವನ ಸಿಳ್ಳೆಗೆ ಬಾಲ ಅಲ್ಲಾಡಿಸಿಕೊಂಡು ಓಡಿಹೋದ ಹಾಗೆ. ಒಂದಲ್ಲ, ಇನ್ನೂರ ಹದಿನಾಲ್ಕು ನಾಯಿ.

“ಭಾವ, ಬೇಜಾರಿಲ್ಲ ತಾನೇ?” ಎಂದು ಷಡ್ಡಕ ಅವನ ಮೇಜಿಗೆ ಬಂದು ತಲೆ ಬಾಗಿಸಿ ಕೇಳಿದ. ಎತ್ತರವಿದ್ದವರಿಗೆ ವಿನಯ ತೋರಿಸುವುದು ಸುಲಭ, ಬಗ್ಗಿದರೆ ಸಾಕು. “ಎಲ್ಲಾ ನಿಮ್ಮದೇ. ದಿನಾ ಶುರು ಮಾಡೋವಾಗ ಮೊದಲು ನಿಮ್ಮನ್ನೇ ಕರೆದು, ಆಮೇಲೆ ಮಿಕ್ಕಿದ್ದೆಲ್ಲ.”

“ಬೆಣ್ಣೆ ಹಚ್ಚಬೇಡ” ಎಂದ ಮಾಸ್ತರ.

“ಬೆಣ್ಣೆ ಅಲ್ಲ ಭಾವ, ನಿಜ.”

ಅಂದಿನಿಂದ ಮಾಸ್ತರ ಒಂದು ವ್ರತ ಹಿಡಿದ. ಷಡ್ಡಕನ ಆಟದ ಸಾಮಾನಿನಿಂದ ಹೊರಬಂದ ಒಂದೇ ಒಂದು ಕಾಗದವನ್ನೂ ಮುಟ್ಟುವುದಿಲ್ಲ, ಓದುವುದಿಲ್ಲ, ಕಣ್ಣೆತ್ತಿ ನೋಡುವುದೂ ಇಲ್ಲ. ಫ್ಯಾನಿನ ಗಾಳಿಗೆ ಅಂಥ ಹಾಳೆಯೊಂದು ಹಾರಿ ಕಾಲಬುಡಕ್ಕೆ ಬಂದರೆ, ಹಾವು ಕಂಡವನಂತೆ ಎರಡೂ ಪಾದ ಕುರ್ಚಿಯ ಮೇಲಿಟ್ಟುಕೊಂಡು ಕೂಗುತ್ತಿದ್ದ: “ಯಾರದ್ರೀ ಇದು, ತಗೊಂಡು ಹೋಗಿ!”

ಐದು ತಿಂಗಳು ಹೀಗೆಯೇ ಬೆಂದ. ಆಗ ಬಂತು ಗೋಪುರದ ಕೆಲಸ. ಇಪ್ಪತ್ತಾರು ಮಹಡಿ, ಮಹಡಿಗೆ ಹನ್ನೆರಡು ಮನೆ, ಒಟ್ಟು ಮುನ್ನೂರ ಹನ್ನೆರಡು ಕ್ರಯಪತ್ರ. ಕೊಳ್ಳುವವರೆಲ್ಲ ಒಂದೇ ದಿನ, ಒಂದೇ ಸಭಾಂಗಣದಲ್ಲಿ ಕೂತು ಸಹಿ ಮಾಡಬೇಕು. ಲಾಯರಮ್ಮ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: “ಇದು ಸಾಂಗವಾಗಿ ಮುಗೀಲಿ. ಗುರುವಾರ ಆ ಗಾಜಿನ ಕೋಣೆಗೆ ಕರಡು ವಿಭಾಗದ ಮುಖ್ಯಸ್ಥರು ಅಂತ ಒಬ್ಬರನ್ನ ಕೂರಿಸ್ತೀನಿ.”

ಹಾಗೆ ಹೇಳುವಾಗ ಅವರ ಕಣ್ಣು ಯಾರ ಕಡೆಗೆ ತಿರುಗಿತು ಎಂಬುದನ್ನು ಮಾಸ್ತರ ಕಂಡ. ಕಣ್ಣು ಬಹಳ ಎತ್ತರಕ್ಕೆ ಹೋಗಿತ್ತು. ಮಾಸ್ತರ ಅಷ್ಟು ಎತ್ತರವಿಲ್ಲ.

ಆ ಗಾಜಿನ ಕೋಣೆ! ಹದಿನೆಂಟು ವರ್ಷದಿಂದ ಅವನು ಅದರೊಳಗೆ ಮನಸ್ಸಿನಲ್ಲೇ ಸಂಸಾರ ಹೂಡಿದ್ದ. ಕನ್ನಡಕದ ಡಬ್ಬಿ ಎಲ್ಲಿಡಬೇಕು, ಕುರ್ಚಿಯನ್ನು ಯಾವ ಕಡೆ ತಿರುಗಿಸಿದರೆ ಎಲ್ಲರಿಗೂ ತನ್ನ ಬೆನ್ನು ಕಾಣುತ್ತದೆ, ಬಾಗಿಲು ತಟ್ಟಿದವರನ್ನು ಎಷ್ಟು ಹೊತ್ತು ಕಾಯಿಸಬೇಕು, ಎಲ್ಲವೂ ನಿಶ್ಚಯವಾಗಿತ್ತು. ಈಗ ಅಲ್ಲಿ ಷಡ್ಡಕ ಕೂತರೆ, ಮುಂದಿನ ಭಾನುವಾರ ಅತ್ತೆಯ ಮನೆಯ ಊಟದಲ್ಲಿ ತನ್ನ ತಟ್ಟೆಯನ್ನು ಬಾಗಿಲ ಹೊರಗೇ ಇಡುತ್ತಾರೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಉಪಾಯ ಹೊಳೆದದ್ದು ಹಲ್ಲುಜ್ಜುವಾಗ. ಬಾಯಲ್ಲಿ ನೊರೆ ತುಂಬಿಕೊಂಡೇ ಅವನು ಕನ್ನಡಿಯಲ್ಲಿ ತನ್ನನ್ನು ತಾನು ನೋಡಿ ನಕ್ಕ. ಕನ್ನಡಿ ಒಡೆಯದೆ ಉಳಿದದ್ದೇ ಹೆಚ್ಚು.

ಮನುಷ್ಯ ಕೂತು ಕೆಲಸ ಮಾಡುವಾಗ ವರ್ಡ್ ಪ್ರೊಸೆಸರು ಪರದೆಯ ಮೇಲೆ ಕಾಣುತ್ತಿರುತ್ತದೆ. ಷಡ್ಡಕ ಹೊರಗಿನಿಂದ ಕರೆದಾಗ ಅದು ಮರೆಯಲ್ಲಿರುತ್ತದೆ. ಇಡೀ ಅಪರಾಧ ಈ ಒಂದು ಕೂದಲೆಳೆಯ ಮೇಲೆ ನಿಲ್ಲಬಲ್ಲದು! ‘ಹೆಸರುತುಂಬು’ವಿನೊಳಗೆ ಒಂದು ಪ್ರಶ್ನೆ ಸೇರಿಸಿದರೆ ಆಯಿತು: ನಾನು ಯಾರಿಗಾದರೂ ಕಾಣುತ್ತಿದ್ದೇನೆಯೇ? ಕಾಣುತ್ತಿದ್ದರೆ ಸಭ್ಯನಾಗಿ ಸರಿಯಾದ ಮನೆ ತುಂಬು. ಕಾಣದಿದ್ದರೆ ಹೆಸರನ್ನು ಹಾಗೆಯೇ ಬಿಡು, ಮನೆಯನ್ನು ಮಾತ್ರ ಒಂದು ಸ್ಥಾನ ಮುಂದಕ್ಕೆ ಜಾರಿಸು. ಹದಿನಾಲ್ಕನೆಯವರಿಗೆ ಹದಿನೈದನೇ ಮನೆ, ಹದಿನೈದನೆಯವರಿಗೆ ಹದಿನಾರು. ಮೊದಲ ಮಹಡಿಯ ಹನ್ನೆರಡು ಪತ್ರ ಮಾತ್ರ ಸರಿಯಾಗಿರಲಿ, ಏಕೆಂದರೆ ಲಾಯರಮ್ಮ ಯಾವಾಗಲೂ ಮೇಲಿನ ಐದಾರು ಪತ್ರ ತಿರುವಿ ನೋಡಿ ಸಾಕು ಎನ್ನುತ್ತಾರೆ. ಹದಿಮೂರರಿಂದ ಜಾರುಬಂಡಿ. ಕೊನೆಯವನು, ಇಪ್ಪತ್ತಾರನೇ ಮಹಡಿಯ ಕೊನೆಯ ಮನೆಯವನು, ಸುತ್ತಿಕೊಂಡು ಬಂದು ಎರಡನೇ ಮಹಡಿಯ ಹದಿಮೂರಕ್ಕೆ ದೊಪ್ಪನೆ ಬೀಳಲಿ.

ಏಕೆ ಒಂದೇ ಸ್ಥಾನ? ಅಲ್ಲೇ ಇತ್ತು ಅವನ ಜಾಣತನದ ಕಿರೀಟ. ಷಡ್ಡಕನ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ವರ್ಡ್ ಪ್ರೊಸೆಸರಿನಲ್ಲಿ ಒಂದರಿಂದ. ಇದನ್ನು ಷಡ್ಡಕನೇ ಊಟದ ಹೊತ್ತಿನಲ್ಲಿ ಎಲ್ಲರಿಗೂ ನಗುನಗುತ್ತಾ ವಿವರಿಸಿದ್ದ: “ಹುಷಾರಾಗಿರಬೇಕು ಕಣ್ರೀ, ಒಂದು ಮಹಡಿ ದಾಟಿ ಇನ್ನೊಂದಕ್ಕೆ ಹೋಗೋವಾಗ ಒಂದು ಹೆಚ್ಚುಕಮ್ಮಿ ಆದ್ರೆ ಎಲ್ಲರೂ ಪಕ್ಕದ ಮನೆಗೆ ಹೋಗಿ ಮಲಗ್ತಾರೆ!” ಒಂಬತ್ತು ಜನ ನಕ್ಕಿದ್ದರು. ಒಂಬತ್ತು ಜನ ಸಾಕ್ಷಿಗಳು, ಪುಕ್ಕಟೆ.

ಇನ್ನು ಸುಳಿವು ಉಳಿಯಬಾರದು. ತಿದ್ದುವ ಮೊದಲು ಹಳೆಯ ಕಡತದ ನಕಲನ್ನು ಕಿಸೆಯ ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು. ಪತ್ರಗಳೆಲ್ಲ ಅಚ್ಚಾದ ಮೇಲೆ ಅದನ್ನೇ ಸ್ವಸ್ಥಾನಕ್ಕೆ ತಂದಿಡುವುದು. ಆಗ ಕಡತದ ಮೇಲಿನ ತಾರೀಖು ಕೂಡ ಮೂರು ವರ್ಷ ಹಿಂದಿನದೇ. ಯಾರು ಬೇಕಾದರೂ ಭೂತಗನ್ನಡಿ ಹಿಡಿದು ನೋಡಲಿ, ಮ್ಯಾಕ್ರೋಗಳು ಹಾಲಿನಲ್ಲಿ ತೊಳೆದಷ್ಟು ಶುದ್ಧ. ಷಡ್ಡಕ ಅಳುತ್ತಾ ತನ್ನ ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಿ ತೋರಿಸಿದರೆ? ತೋರಿಸಲಿ, ಈ ಸಲ ಸರಿಯಾಗಿಯೇ ಬರುತ್ತದೆ. ಬಂದಷ್ಟೂ ಒಳ್ಳೆಯದು! ಯಾವಾಗಲೂ ತಪ್ಪುವ ಯಂತ್ರವನ್ನು ರಿಪೇರಿ ಮಾಡಬಹುದು. ಒಮ್ಮೆ ತಪ್ಪಿ ಒಮ್ಮೆ ಸರಿಯಾಗುವ ಯಂತ್ರವನ್ನು ಯಾವ ಲಾಯರಮ್ಮನೂ ಜನ್ಮದಲ್ಲಿ ನಂಬುವುದಿಲ್ಲ. ಈ ಒಂದು ಹಂತ ಯೋಚಿಸಿದ ಮೇಲೆ ಮಾಸ್ತರನಿಗೆ ತನ್ನ ಬುದ್ಧಿಯ ಬಗ್ಗೆ ತನಗೇ ಭಯವಾಯಿತು. ಇಷ್ಟು ದೊಡ್ಡ ತಲೆಯನ್ನು ಇಷ್ಟು ಸಣ್ಣ ಕುತ್ತಿಗೆ ಹೇಗೆ ಹೊತ್ತುಕೊಂಡಿದೆ ಎಂದು ಅಚ್ಚರಿಪಟ್ಟ.

ಸೋಮವಾರ ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದು ತಾರಸಿಗೆ ಹೊರಟರು.

“ಬರಲ್ವಾ ಭಾವ?” ಎಂದ ಷಡ್ಡಕ.

“ಹೊಟ್ಟೆ ಸರಿಯಿಲ್ಲ” ಎಂದ ಮಾಸ್ತರ. ಅಂದು ಅವನು ಆಡಿದ ಮಾತುಗಳಲ್ಲಿ ಅದೊಂದೇ ನಿಜ.

ಖಾಲಿ ಕಚೇರಿಯಲ್ಲಿ ಅವನು ಗುಟ್ಟಿನ ಪದ ಹೊಡೆದು ಕಡತ ತೆರೆದ. ಹನ್ನೊಂದು ಸಾಲು. ಹದಿನೆಂಟು ವರ್ಷದಲ್ಲಿ ಇಷ್ಟು ಚೊಕ್ಕವಾದ ಹನ್ನೊಂದು ಸಾಲು ಅವನ ಕೈಯಿಂದ ಬಂದಿರಲಿಲ್ಲ. ಉಳಿಸಿ ಮುಚ್ಚಿದ. ಪರದೆ ಕಾಣುವಂತೆ ಇಟ್ಟು ‘ಹೆಸರುತುಂಬು, ಮೂವತ್ತು’ ಎಂದ. ಮೂವತ್ತನೇ ಮನೆಯೇ ಬಂತು. ಆಮೇಲೆ, ಷಡ್ಡಕನ ಹೆಗಲ ಹಿಂದಿನಿಂದ ಕದ್ದು ಕಲಿತಿದ್ದ ಮೂರು ಸಾಲು ಬಳಸಿ, ಮರೆಯಿಂದ ಅದನ್ನೇ ಕರೆದ. ಮೂವತ್ತೊಂದನೇ ಮನೆ ಬಂತು. ಕಳ್ಳ ಮಗು ಎಷ್ಟು ಮುದ್ದಾಗಿ ಸುಳ್ಳು ಹೇಳುತ್ತದೆ ಎಂದು ಅವನ ಎದೆಯುಬ್ಬಿತು. ಕರವಸ್ತ್ರ ತೆಗೆದು ಕೀಲಿಮಣೆಯ ಬೆರಳಚ್ಚನ್ನು ಒರೆಸಿದ. ಅದು ಹದಿನೆಂಟು ವರ್ಷದಿಂದ ತನ್ನದೇ ಕೀಲಿಮಣೆ ಎಂಬುದು ಒರೆಸಿ ಮುಗಿದ ಮೇಲೆ ನೆನಪಾಯಿತು. ಆದರೂ ಒಳ್ಳೆಯ ಅಪರಾಧಿಗೆ ಶುಚಿತ್ವ ಮುಖ್ಯ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಷಡ್ಡಕ ತಟ್ಟಿದ. ಎರಡೂ ಪ್ರಿಂಟರು ಕೆಮ್ಮುವುದನ್ನು ಮರೆತು ಓಡಿದವು. ಮಾಸ್ತರ ಎದ್ದುಹೋಗಿ ಅವನಿಗೊಂದು ಕಾಫಿ ತಂದುಕೊಟ್ಟ. ಷಡ್ಡಕನ ಕಣ್ಣು ತೇವವಾಯಿತು.

“ಥ್ಯಾಂಕ್ಸ್ ಭಾವ. ನೀವಿಲ್ಲದಿದ್ರೆ ನಾನು ಈ ಕುರ್ಚೀಲಿ ಇರ್ತಿರಲಿಲ್ಲ.”

“ಕುಡಿ, ಕುಡಿ. ಆರಿಹೋಗುತ್ತೆ.”

ಲಾಯರಮ್ಮ ಮೇಲಿನ ಆರು ಪತ್ರ ತಿರುವಿದರು, “ಸೊಗಸಾಗಿದೆ” ಎಂದರು. ಕಟ್ಟುಗಳು ಪೆಟ್ಟಿಗೆ ಸೇರಿದವು. ಹಾದುಹೋಗುವಾಗ ಮಾಸ್ತರ, ವ್ರತವನ್ನು ಒಂದೇ ಕ್ಷಣಕ್ಕೆ ಮುರಿದು, ಒಂದು ಪತ್ರದ ಮೊದಲ ಹಾಳೆಯ ಕಡೆ ಓರೆಗಣ್ಣು ಹಾಯಿಸಿದ. ಹೆಸರು ನೂರನೆಯವರದು, ಮನೆ ನೂರ ಒಂದನೆಯದು. ಅಷ್ಟು ಸಾಕು. ತಾರಸಿಗೆ ಎಲ್ಲರೂ ಊಟಕ್ಕೆ ಹೋದಾಗ ಪೆನ್‌ಡ್ರೈವು ಕಿಸೆಯಿಂದ ಹೊರಬಂತು, ಹಳೆಯ ಕಡತ ಸ್ವಸ್ಥಾನಕ್ಕೆ ಮರಳಿತು. ಪೆನ್‌ಡ್ರೈವನ್ನು ಅವನು ಸಂಜೆ ಸೇತುವೆಯ ಮೇಲಿಂದ ನದಿಗೆ ಎಸೆದ. ಮೀನುಗಳು ಬೇಕಾದರೆ ಕ್ರಯಪತ್ರ ಬರೆದುಕೊಳ್ಳಲಿ.

ಬುಧವಾರ ಸಭಾಂಗಣ. ಮುನ್ನೂರ ಹನ್ನೆರಡು ಮನೆಯವರು, ಅವರ ಅತ್ತೆ ಮಾವಂದಿರು, ಸಲಹೆ ಕೊಡಲು ಬಂದ ಬಂಧುಗಳು, ಬಂಧುಗಳಿಗೆ ಸಲಹೆ ಕೊಡುವವರು; ಕುರ್ಚಿಗಳೇ ಬೆವರುತ್ತಿದ್ದವು. ಕಚೇರಿಯ ಪದ್ಧತಿಯಂತೆ ಕೊಳ್ಳುವವರು ಮೊದಲು ಓದಬೇಕು, ಆಮೇಲೆ ಸಹಿ, ಸಹಿಯಾದ ಮೇಲೆ ಸೀಲಕ್ಕ ಕೊನೆಯ ಪುಟದ ಅಡಿಯಲ್ಲಿ ಮೊಹರು ಒತ್ತಬೇಕು. ಅವಳು ಪ್ಯಾಡು ತೆರೆದು, ತೋಳು ಮಡಿಚಿ ಸಿದ್ಧಳಾಗಿ ಕೂತಿದ್ದಳು. ಮೊದಲ ಮಹಡಿಯವರು ಓದುತ್ತಿದ್ದರು, ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಂದು ಗುಡುಗು.

“ಏನ್ರೀ ಇದು! ನಾನು ಕೊಂಡಿದ್ದು ಇಪ್ಪತ್ತಾರನೇ ಮಹಡಿ. ಇದರಲ್ಲಿ ಎರಡನೇದು ಅಂತಿದೆ. ಜನರೇಟರ್ ಪಕ್ಕದ್ದು!” ನಲವತ್ತು ವರ್ಷ ಹಡಗು ನಡೆಸಿ ನಿವೃತ್ತನಾದ ಕಪ್ತಾನ ಅವನು, ಬಿರುಗಾಳಿಗೆ ಕೇಳಿಸುವಂತೆ ಮಾತಾಡಿ ಅಭ್ಯಾಸ.

“ನಮ್ಮ ಅಡುಗೆಮನೆ ಇವರ ಹೆಸರಿಗೆ ಬಂದಿದೆ!” ಎಂದಳು ಒಬ್ಬಾಕೆ.

“ನಿಮ್ಮ ಅಡುಗೆಮನೆ ಯಾರಿಗೆ ಬೇಕು? ನನಗೆ ನನ್ನ ಬಾಲ್ಕನಿ ಕೊಡಿ!”

ಎರಡು ನಿಮಿಷದಲ್ಲಿ ಮುನ್ನೂರು ಸಂಸಾರಗಳು ಪರಸ್ಪರರ ಮಲಗುವ ಕೋಣೆಗಾಗಿ ಎದ್ದುನಿಂತಿದ್ದವು. ಸದ್ದಿಗೆ ಕಿಟಕಿಯ ಗಾಜು ಕಂಪಿಸಿತು. ಷಡ್ಡಕನ ಮುಖ ಅವನ ಅಂಗಿಗಿಂತ ಬೆಳ್ಳಗಾಯಿತು. ಮಾಸ್ತರ ಗೋಡೆಗೊರಗಿ ನಿಂತು, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ, ಷಡ್ಡಕ ತನಗಿಂತ ಕುಳ್ಳಗೆ ಕಾಣುತ್ತಿದ್ದಾನೆ ಎಂದುಕೊಂಡ. ಅವನು ಕಚೇರಿಗೆ ಬಂದು ಬರೀ ಏಳು ತಿಂಗಳಾಗಿತ್ತು. ಆದರೆ ಹೊಟ್ಟೆಕಿಚ್ಚಿನ ಕ್ಯಾಲೆಂಡರು ಬೇರೆಯೇ.

ಲಾಯರಮ್ಮ ಕಪ್ತಾನನನ್ನೂ ಮಿಕ್ಕವರನ್ನೂ ಹೇಗೋ ಕೂರಿಸಿ, ಕಚೇರಿಯವರನ್ನು ಪಕ್ಕದ ಕೋಣೆಗೆ ಕರೆದರು. ಕಚೇರಿಯ ಕಡತಗಳಿಗೆ ಜೋಡಿಸಿದ್ದ ಲ್ಯಾಪ್‌ಟಾಪು ತೆರೆಸಿದರು.

“ಇದು ಹೇಗಾಯ್ತು?”

“ಗೊತ್ತಿಲ್ಲ ಮೇಡಂ” ಎಂದ ಷಡ್ಡಕ. “ಇನ್ನೊಂದ್ಸಲ ಓಡಿಸ್ತೀನಿ.” ಓಡಿಸಿದ. ಹದಿಮೂರು ಸರಿ, ಹದಿನಾಲ್ಕು ಸರಿ, ಮುನ್ನೂರ ಹನ್ನೆರಡೂ ಸರಿ. ಅವನು ತಲೆಯ ಮೇಲೆ ಕೈಹೊತ್ತು ಕೂತ. “ಈಗ ಸರಿ ಬರ್ತಿದೆ...”

“ಅಂದ್ರೆ ನಿನ್ನೆ ತಪ್ಪು, ಇವತ್ತು ಸರಿ? ನಾಳೆ?” ಲಾಯರಮ್ಮನ ದನಿ ತಣ್ಣಗಿತ್ತು. “ಮಾಸ್ತರೇ, ನೀವು ಹೇಳಿ. ಮ್ಯಾಕ್ರೋದಲ್ಲೇನಾದ್ರೂ ತೊಂದರೆ ಇರಬಹುದಾ?”

ಈ ಪ್ರಶ್ನೆಗಾಗಿ ಅವನು ಎರಡು ದಿನದಿಂದ ಕನ್ನಡಿಯ ಮುಂದೆ ಮುಖ ಸಿದ್ಧ ಮಾಡಿಕೊಂಡಿದ್ದ. ನೋವು ಮುಕ್ಕಾಲು, ಕ್ಷಮೆ ಕಾಲು. ಮುಂದೆ ಬಂದು ಗುಂಡಿ ಒತ್ತಿ ತೋರಿಸಿದ. ಎಲ್ಲವೂ ಸರಿ. ಕಡತದ ತಾರೀಖು ತೋರಿಸಿದ. ಮೂರು ವರ್ಷ ಹಿಂದಿನದು.

“ಮೇಡಂ, ಇದರ ಬೀಗದ ಪದ ಗೊತ್ತಿರೋದು ಪ್ರಪಂಚದಲ್ಲಿ ಒಬ್ಬನಿಗೆ, ನನಗೆ. ನಾನೇ ಮೂರು ವರ್ಷದಿಂದ ಇದರ ಒಂದಕ್ಷರ ಮುಟ್ಟಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ.” ಷಡ್ಡಕನ ಹೆಗಲ ಮೇಲೆ ಕೈಯಿಟ್ಟ. ಕೂತಿದ್ದರಿಂದ ಹೆಗಲು ಎಟುಕಿತು. “ಹುಡುಗಾಟದಲ್ಲಿ ಮಾಡಿದ್ದಲ್ಲ. ಆ ಭಾಷೆ ಸೊನ್ನೆಯಿಂದ ಎಣಿಸುತ್ತೆ, ನಮ್ಮದು ಒಂದರಿಂದ. ಅವನೇ ಹೇಳಿದ್ದ ಅಲ್ವಾ? ಹೊರಗಿನಿಂದ ಕರೆಯೋರಿಗೆ ಒಳಗಿನ ಮನೆ ಗೊತ್ತಿರಲ್ಲ ಮೇಡಂ. ಕ್ಷಮಿಸಿಬಿಡಿ.”

“ಬರೆದೇ ಕೊಡಿ” ಎಂದರು ಲಾಯರಮ್ಮ. ವಕೀಲರ ಬುದ್ಧಿ. ಮಾಸ್ತರ ಸಂತೋಷದಿಂದ ಬರೆದ, ದುಂಡಗಿನ ಅಕ್ಷರದಲ್ಲಿ, ಸಹಿಯ ಬಾಲವನ್ನು ಎರಡು ಸುತ್ತು ಹೆಚ್ಚಿಗೆ ಎಳೆದ. ಷಡ್ಡಕ ನೆಲ ನೋಡುತ್ತಿದ್ದ. ಅವನ ಕೆಲಸ ಹೋಗುವುದು ಇನ್ನು ಒಂದು ವಾಕ್ಯದ ಮಾತು. ಗಾಜಿನ ಕೋಣೆಯ ಬಾಗಿಲು ಕಿರುಗುಟ್ಟಿ ತೆರೆಯುವ ಸದ್ದು ಮಾಸ್ತರನಿಗೆ ಅಷ್ಟು ದೂರದಿಂದಲೇ ಕೇಳಿಸಿತು.

ಆಗ ಬಂದಳು ಸೀಲಕ್ಕ, ಎದೆಯ ಮೇಲೆ ಒಂದು ಕಟ್ಟು ಕ್ರಯಪತ್ರ ಹೊತ್ತುಕೊಂಡು, ಎಲ್ಲವನ್ನೂ ಹಿಂದುಮುಂದು ಮಾಡಿ ಕೊನೆಯ ಪುಟ ಮೇಲೆ ಬರುವಂತೆ ಜೋಡಿಸಿಕೊಂಡು. ಇಪ್ಪತ್ತು ವರ್ಷದಿಂದ ಅವಳು ಕ್ರಯಪತ್ರದಲ್ಲಿ ನೋಡುತ್ತ ಬಂದದ್ದು ಕೊನೆಯ ಪುಟ ಮಾತ್ರ.

“ಮೇಡಂ, ಇವನ್ನ ಹರಿಯೋದಾ, ಇಡೋದಾ? ಮೊಹರು ಒತ್ತಿಲ್ಲ” ಎಂದಳು. “ಹಾಂ, ಮಾಸ್ತರೇ, ಅಡಿಯಲ್ಲಿ ನಿಮ್ಮ ಹೆಸರು ಬರುತ್ತಲ್ಲ, ದಿನಾ ನಾನು ಅದರ ಮೇಲೇ ಮೊಹರು ಒತ್ತೋದು, ಸರಿಯಾಗಿ ಜಾಗ ಸಿಗುತ್ತೆ. ಅದರಲ್ಲಿ ಈ ಸಲ ತಾರೀಖು ಯಾಕೆ ಬೇರೆ ಇದೆ?”

“ನನ್ನ ಹೆಸರಾ?” ಎಂದ ಮಾಸ್ತರ.

“ನಾನು ಹಾಕ್ಸಿದ್ದು ಮೇಡಂ, ಮೊದಲ ದಿನದಿಂದ” ಎಂದ ಷಡ್ಡಕ, ತಲೆ ಎತ್ತದೆ. “ಶ್ರಮ ಭಾವನದು, ಹೆಸರೂ ಅವರದೇ ಇರಲಿ ಅಂತ. ಅದಕ್ಕೂ ಅವರದೇ ಒಂದು ಮ್ಯಾಕ್ರೋ ಇತ್ತು, ‘ಯಾರುಬರೆದದ್ದು’ ಅಂತ. ಅದನ್ನೇ ಮೊದಲು ಕರೀತೀನಿ, ಅದು ಏನು ಹೇಳುತ್ತೋ ಅದನ್ನ ಹಾಗೇ ಅಡಿಯಲ್ಲಿ ಹಾಕ್ತೀನಿ.”

ಇನ್ನೂರ ಹದಿನಾಲ್ಕನೆಯದು, ಶೋಕಿಯದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಜಗತ್ತು ತನ್ನ ಹೆಸರನ್ನು ಕೇಳಿಕೊಂಡು ಬರುತ್ತದೆ ಎಂಬ ನಂಬಿಕೆಯಲ್ಲಿ ಮಾಸ್ತರ ಅದನ್ನು ಬರೆದಿದ್ದ. ಪ್ರತಿ ಸಲ ತಾರೀಖು ತಿದ್ದುವ ತಾಪತ್ರಯ ಬೇಡವೆಂದು, ಕಡತವನ್ನು ಕೊನೆಯದಾಗಿ ಯಾವಾಗ ತಿದ್ದಿದ್ದು ಎಂಬುದನ್ನು ಅದು ತಾನೇ ನೋಡಿ ಹೇಳುವಂತೆಯೂ ಮಾಡಿದ್ದ. ಒಬ್ಬರೂ ಕೇಳಿರಲಿಲ್ಲ, ಕೊನೆಗೆ ಅವನೂ ಮರೆತಿದ್ದ. ಲಾಯರಮ್ಮ ಒಂದು ಕೈಯಲ್ಲಿ ಅವನು ಈಗಷ್ಟೇ ಬರೆದುಕೊಟ್ಟ ಹಾಳೆ, ಇನ್ನೊಂದು ಕೈಯಲ್ಲಿ ಕಪ್ತಾನನ ಕ್ರಯಪತ್ರದ ಕೊನೆಯ ಪುಟ ಹಿಡಿದು, ಇರುವೆಯ ಕಾಲಿನಷ್ಟು ಸಣ್ಣ, ಬೂದು ಬಣ್ಣದ ಆ ಸಾಲನ್ನು ಜೋರಾಗಿ ಓದಿದರು: ‘ಈ ಪತ್ರವನ್ನು ರೂಪಿಸಿದ ಮ್ಯಾಕ್ರೋಗಳ ಏಕೈಕ ಕರ್ತೃ,’ ಆಮೇಲೆ ತಂದೆಯ ಹೆಸರಿನ ಸಮೇತ ಅವನ ಪೂರ್ತಿ ಹೆಸರು, ‘ಬೇರೆ ಯಾರ ಕೈಯೂ ಇದಕ್ಕೆ ತಾಗಿಲ್ಲ, ಕೊನೆಯ ತಿದ್ದುಪಡಿ, ಸೋಮವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೈದು ನಿಮಿಷ.’ ಮುನ್ನೂರ ಹನ್ನೆರಡು ಪತ್ರದಲ್ಲಿ ಮುನ್ನೂರ ಹನ್ನೆರಡು ಸಲ, ಒಂದರಲ್ಲೂ ಒಂದಕ್ಷರ ಜಾರದೆ. ಹದಿನೆಂಟು ವರ್ಷ ಯಾರೂ ಕರೆಯದ ಅದನ್ನು ಷಡ್ಡಕ ಕರೆದಿದ್ದ, ಪ್ರತಿದಿನ, ಎಲ್ಲಕ್ಕಿಂತ ಮೊದಲು, ಗೌರವದಿಂದ.